ಸೋಗೆ, ಕೊಂಬೆ ಪುಡಿ ಮಾಡುವ ಯಂತ್ರ: ಅಗ್ಗದ ಇಂಪೋರ್ಟೆಡ್ ಸಾಕಾ, ಹೆಸರಿರುವ ಕಂಪನಿಯದ್ದೇ ಬೇಕಾ?

ಹೊಸನಗರ_ತೋಟ

ಎಲ್ಲರಿಗೂ ನಮಸ್ಕಾರ. ನಮ್ಮದು ನಾಲ್ಕು ಎಕರೆ ಅಡಿಕೆ. ಜೊತೆಗೆ ಕಾಳುಮೆಣಸು, ಬೇಲಿ ಸಾಲಿನಲ್ಲಿ ಗ್ಲಿರಿಸಿಡಿಯಾ, ಮನೆ ಸುತ್ತ ಒಂದಿಷ್ಟು ತೆಂಗು. ಬಿದ್ದ ಸೋಗೆ (ಅಡಿಕೆಯ ಒಣ ಗರಿ) ಒಟ್ಟು ಮಾಡಿ ಕಡಿಯಲು ಜನ ಸಿಗುತ್ತಿಲ್ಲ. ಚಿಪ್ಪರ್ ಶ್ರೆಡ್ಡರ್ ತರೋಣ ಅಂತಿದ್ದೇನೆ. ಎರಡು ಕೊಟೇಶನ್ ಕೈಯಲ್ಲಿದೆ.

ಒಂದು ಚೀನಾದಿಂದ ಬರುವ ಯಂತ್ರ. 420 ಸಿಸಿ ಪೆಟ್ರೋಲ್ ಎಂಜಿನ್, 15 ಎಚ್‌ಪಿ, 5 ಇಂಚಿನ ಕೊಂಬೆ ನುಂಗುತ್ತದೆ ಅನ್ನುತ್ತಾರೆ. ಲಾರಿ ಬಾಡಿಗೆ ಸೇರಿ 80 ಸಾವಿರದೊಳಗೆ. ಇನ್ನೊಂದು ಹೆಸರಿರುವ ಕಂಪನಿಯದ್ದು. ಹೋಂಡಾ ಜಿಎಕ್ಸ್390 ಎಂಜಿನ್, ಆದರೆ 3 ಇಂಚು ಅಂತಲೇ ಬರೆದಿದ್ದಾರೆ. ಬೆಲೆ ಹೆಚ್ಚುಕಡಿಮೆ ಎರಡು ಪಟ್ಟು.

ಕಾಗದದಲ್ಲಿ ನೋಡಿದರೆ ಅಗ್ಗದ್ದೇ ದೊಡ್ಡ ಯಂತ್ರ. ಹಾಗಿದ್ದ ಮೇಲೆ ಜಾಸ್ತಿ ದುಡ್ಡು ಯಾಕೆ ಕೊಡಬೇಕು? ಬಳಸಿದವರು ಹೇಳಿ.

ಕಳಸ_ಕಾಫಿ

ನಮ್ಮಲ್ಲಿ ಇಂಥದ್ದೇ ಇಂಪೋರ್ಟೆಡ್ ಯಂತ್ರ ಇದೆ. ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು) ಆದ ಮೇಲೆ ಬೀಳುವ ಸಿಲ್ವರ್ ಓಕ್ ಕೊಂಬೆ, ಹಾಲುವಾಣ, ಕಾಫಿ ಗಿಡದಿಂದ ಕತ್ತರಿಸಿದ ರೆಂಬೆ, ಎಲ್ಲ ಅದಕ್ಕೇ ಹಾಕುತ್ತೇವೆ. ನಾನು ಬೈಯುವುದಿಲ್ಲ. ಕೆಲಸ ಮಾಡುತ್ತಿದೆ.

ಆದರೆ ಒಂದು ಮಾತು. ಅದನ್ನು ಯಂತ್ರ ಅಂದುಕೊಂಡು ತರಬೇಡಿ, ಯಂತ್ರ ಕಟ್ಟುವ ಸಾಮಾನು ಅಂದುಕೊಂಡು ತನ್ನಿ. ಪೆಟ್ಟಿಗೆ ಒಡೆದ ಕೂಡಲೇ ಸ್ಟಾರ್ಟ್ ಮಾಡಲಿಲ್ಲ ನಾವು. ಬೋಲ್ಟ್ ಎಲ್ಲ ಬಿಚ್ಚಿ, ಲಾಕ್‌ಟೈಟ್ (ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಿ ಮತ್ತೆ ಬಿಗಿ ಮಾಡಿದೆವು. ಬೆಲ್ಟ್ ತೆಗೆದು ಇಲ್ಲಿಯ ಕಂಪನಿ ಬೆಲ್ಟ್ ಹಾಕಿದೆವು. ಬ್ಲೇಡ್ ಕೂತಿರುವ ಡ್ರಮ್ಮಿನ ಎರಡೂ ಬೇರಿಂಗ್ ಬದಲಿಸಿದೆವು. ಇಷ್ಟಕ್ಕೂ ಸೇರಿ ಖರ್ಚು ಐದು ಸಾವಿರದ ಒಳಗೆ. ಇಷ್ಟು ಮಾಡಲು ತಯಾರಿದ್ದರೆ ಅಗ್ಗದ್ದು ಅಗ್ಗವೇ. ಇಲ್ಲದಿದ್ದರೆ ಅಲ್ಲ.

5 ಇಂಚಿನ ಮಾತು ಮರೆತುಬಿಡಿ. ಹಸಿ ಹಾಲುವಾಣ ಆದರೆ ನಾಲ್ಕು ಇಂಚಿನದ್ದನ್ನೂ ತಿನ್ನುತ್ತದೆ, ಅದು ನೀರು ತುಂಬಿದ ಮರ. ಒಣ ಸಿಲ್ವರ್ ಓಕ್ ಎರಡೂವರೆ ಇಂಚಿಗೇ ಉಸಿರು ಕಟ್ಟುತ್ತದೆ.

ಯಂತ್ರಶಾಲೆ_ಶಿರಸಿ

ಬ್ರಷ್ ಕಟರ್, ಪವರ್ ಟಿಲ್ಲರ್, ಸ್ಪ್ರೇಯರ್ ರಿಪೇರಿ ಮಾಡುವುದು ನನ್ನ ಕಸುಬು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಎಚ್‌ಪಿ. ಈ ನಮೂನೆಯ ಒಂಟಿ ಸಿಲಿಂಡರ್ ಪೆಟ್ರೋಲ್ ಎಂಜಿನ್ ಆದರೆ 100 ಸಿಸಿಗೆ ಸುಮಾರು 3 ಎಚ್‌ಪಿ ಅಂತ ಲೆಕ್ಕ ಹಾಕಿ. ಅದಕ್ಕಿಂತ ಜಾಸ್ತಿ ಬರೆದಿದ್ದರೆ ಅದು ಸ್ಟಿಕ್ಕರಿನ ಎಚ್‌ಪಿ. ಹೋಂಡಾ ಜಿಎಕ್ಸ್390 ಅಂದರೆ 389 ಸಿಸಿ. ಹಿಂದೆ 13 ಎಚ್‌ಪಿ ಅಂತಲೇ ಮಾರುತ್ತಿದ್ದರು. ಈಗ ಕಂಪನಿಯೇ ನೆಟ್ ಪವರ್ 11.7 ಅನ್ನುತ್ತದೆ. ನಿಮ್ಮ 420 ಸಿಸಿಯ "15" ಕೂಡ ಅಳೆದು ನೋಡಿದರೆ ಹನ್ನೆರಡೂವರೆ ಹತ್ತಿರ ಬರುತ್ತದೆ. ಅಂದರೆ ನೀವು ಹೋಲಿಸುತ್ತಿರುವ ಎರಡೂ ಯಂತ್ರದ ಶಕ್ತಿ ಬಹುತೇಕ ಒಂದೇ.

ಇನ್ನು ಚೀನಾ ಅಂದ ಕೂಡಲೇ ಮೂಗು ಮುರಿಯಬೇಡಿ. 168ಎಫ್, 170ಎಫ್, 188ಎಫ್, 190ಎಫ್ ಅಂತ ಬರುವ ಚೀನಾ ಎಂಜಿನ್‌ಗಳೆಲ್ಲ ಹೋಂಡಾ ಜಿಎಕ್ಸ್ ನೋಡಿಕೊಂಡು ಮಾಡಿದವು. ಎಷ್ಟೋ ಬಿಡಿಭಾಗ ಅದಕ್ಕೂ ಇದಕ್ಕೂ ಕೂರುತ್ತದೆ. ಹೋಂಡಾದ್ದೇ ಜಿಎಕ್ಸ್ ಎಂಜಿನ್‌ಗಳು ಥಾಯ್ಲೆಂಡ್, ಚೀನಾದ ಕಾರ್ಖಾನೆಗಳಿಂದಲೂ ಬರುತ್ತವೆ. ನನ್ನ ಅಂಗಡಿಗೆ ಬರುವ ಅಗ್ಗದ ಯಂತ್ರಗಳಲ್ಲಿ ಎಂಜಿನ್ ಸತ್ತು ಬಂದದ್ದು ಕಡಿಮೆ. ಕಾರ್ಬುರೇಟರ್ ಕಟ್ಟಿಕೊಂಡು ಬರುತ್ತವೆ. ಬೇರಿಂಗ್ ಕಿರುಚುತ್ತಾ ಬರುತ್ತವೆ. ಡ್ರಮ್ ಶಾಫ್ಟಿನ ಕೀವೇ (ಪುಲ್ಲಿ ಜಾರದಂತೆ ಕೀಲಿ ಕೂರುವ ಸೀಳು) ತಿಂದುಹೋಗಿರುತ್ತದೆ. ಇಲ್ಲವೇ ಬಾಡಿ ವೆಲ್ಡಿಂಗ್ ಬಿಟ್ಟಿರುತ್ತದೆ. ಕಂಪನಿಗಳು ಬೆಲೆ ಇಳಿಸುವುದು ಎಂಜಿನ್ನಿನಲ್ಲಿ ಅಲ್ಲ, ಅದರಿಂದ ಈಚೆ ಇರುವ ಕಬ್ಬಿಣದಲ್ಲಿ.

ಎಂಜಿನ್ ಸತ್ತು ಬಂದರೆ ಕಾರಣ ಸಾಮಾನ್ಯವಾಗಿ ಮೂರೇ. ಒಂದು, ಪೆಟ್ಟಿಗೆಯಲ್ಲಿ ಬರುವಾಗ ಆಯಿಲ್ ಇರುವುದಿಲ್ಲ, ನೋಡದೆ ಹಗ್ಗ ಎಳೆಯುತ್ತಾರೆ. ಈ ಅಳತೆಯ ಎಂಜಿನ್‌ಗೆ 1.1 ಲೀಟರ್ 10ಡಬ್ಲ್ಯು-30 ಬೇಕು. ಮೊದಲ 20 ಗಂಟೆ ಓಡಿದ ಮೇಲೆ ಬದಲಿಸಬೇಕು, ಆಮೇಲೆ 100 ಗಂಟೆಗೊಮ್ಮೆ. ಎರಡು, ಧೂಳು. ಒಣ ಸೋಗೆಯ ಧೂಳು ತುಂಬಾ ಸಣ್ಣದು. ಏರ್ ಫಿಲ್ಟರ್ ದಿನಾ ಸಂಜೆ ಬಿಚ್ಚಿ ನೋಡದಿದ್ದರೆ ರಿಂಗ್ ಸವೆದು ಹೊಗೆ ಬರುತ್ತದೆ. ಮೂರು, ಇಳಿಜಾರು. ಇವುಗಳಲ್ಲಿ ಆಯಿಲ್ ಪಂಪ್ ಇಲ್ಲ, ಒಳಗಿನ ಚಮಚ ಆಯಿಲ್ ಎರಚುತ್ತದೆ ಅಷ್ಟೇ. ಹೋಂಡಾ ಹೇಳುವ ಮಿತಿ 20 ಡಿಗ್ರಿ. ನಮ್ಮ ಕಡೆ ತೋಟದ ದಂಡೆ ಮೇಲೆ ನಿಲ್ಲಿಸಿ ಓಡಿಸಿದರೆ ಅಗ್ಗದ್ದೂ ಹೋಗುತ್ತದೆ, ದುಬಾರಿಯದ್ದೂ ಹೋಗುತ್ತದೆ.

ತಿಪಟೂರು_ತೆಂಗು

ಸರ್, ಪೆಟ್ರೋಲ್ ಖರ್ಚಿನ ಮಾತೇ ಯಾರೂ ಎತ್ತಲಿಲ್ಲವಲ್ಲ.

ಹೊಸನಗರದವರ ಲೆಕ್ಕ ನಾನೇ ಹಾಕುತ್ತೇನೆ. ಒಂಬತ್ತು ಅಡಿಗೆ ಒಂದರಂತೆ ನೆಟ್ಟರೆ ಎಕರೆಗೆ 550 ಅಡಿಕೆ ಮರ. ನಾಲ್ಕು ಎಕರೆಗೆ 2,200. ಒಂದು ಮರ ವರ್ಷಕ್ಕೆ ಆರೇಳು ಸೋಗೆ ಬೀಳಿಸುತ್ತದೆ. ಅಂದರೆ ವರ್ಷಕ್ಕೆ ಸುಮಾರು 14 ಸಾವಿರ ಸೋಗೆ. ಒಂದಕ್ಕೆ 20 ಸೆಕೆಂಡ್ ಹಿಡಿದರೂ 78 ಗಂಟೆ ಯಂತ್ರ ಓಡಬೇಕು. ಜಿಎಕ್ಸ್390 ಪೂರ್ತಿ ಲೋಡಿನಲ್ಲಿ ಗಂಟೆಗೆ ಮೂರೂವರೆ ಲೀಟರ್ ಹತ್ತಿರ ಕುಡಿಯುತ್ತದೆ. ಹೋಗಲಿ, ಎರಡೂವರೆ ಅನ್ನಿ. ವರ್ಷಕ್ಕೆ 195 ಲೀಟರ್. ಪೆಟ್ರೋಲ್ ನೂರರ ಮೇಲಿದೆ. 20 ಸಾವಿರ ಬರೀ ಪೆಟ್ರೋಲ್‌ಗೆ. ನಾಲ್ಕು ವರ್ಷಕ್ಕೆ ಇನ್ನೊಂದು ಅಗ್ಗದ ಯಂತ್ರದ ದುಡ್ಡು ಟ್ಯಾಂಕಿನಲ್ಲೇ ಉರಿದುಹೋಯಿತು.

ನಮ್ಮದು ಕೊಯಮತ್ತೂರಿನಲ್ಲಿ ಮಾಡಿದ ಶ್ರೆಡ್ಡರ್. ತ್ರೀ ಫೇಸ್, ಏಳೂವರೆ ಎಚ್‌ಪಿ ಮೋಟಾರ್. ಗಂಟೆಗೆ ಆರೂವರೆ ಯೂನಿಟ್ ಆಸುಪಾಸು ಎಳೆಯುತ್ತದೆ. ಕಾರ್ಬುರೇಟರ್ ಇಲ್ಲ, ಆಯಿಲ್ ಇಲ್ಲ, ಹಗ್ಗ ಎಳೆದು ಭುಜ ನೋವಿಲ್ಲ. ತೆಂಗಿನ ಗರಿ ಎಲೆ ಸಮೇತ ಹಾಕುತ್ತೇವೆ. ಬುಡದ ದಪ್ಪ ಭಾಗ ಮಾತ್ರ ಕಡಿದು ಒಲೆಗೆ ಇಡುತ್ತೇವೆ.

ಹೊಸನಗರ_ತೋಟ

@ತಿಪಟೂರು_ತೆಂಗು ಲೆಕ್ಕಕ್ಕೆ ಥ್ಯಾಂಕ್ಸ್ ಸರ್. 14 ಸಾವಿರ ಅಂತ ಓದಿ ತಲೆ ತಿರುಗಿತು. ಆದರೆ ನಮ್ಮಲ್ಲಿ ತ್ರೀ ಫೇಸ್ ಇರುವುದು ಕೆರೆ ಪಕ್ಕದ ಪಂಪ್‌ಶೆಡ್‌ನಲ್ಲಿ. ಸೋಗೆ ಎಲ್ಲ ಅಲ್ಲಿಗೆ ಹೊರಬೇಕು. ಹೊರಲು ಜನ ಇದ್ದಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ.

ಗುಡ್ಡೆತೋಟ

ಸುಮ್ನೆ ಕೇಳುತ್ತೇನೆ. ಪುಡಿಯೇ ಯಾಕೆ ಮಾಡಬೇಕು? ನಮ್ಮ ಅಜ್ಜನ ಕಾಲದಿಂದ ಸೋಗೆ ಮೂರು ತುಂಡು ಮಾಡಿ ಬುಡಕ್ಕೆ ಹಾಸುತ್ತೇವೆ. ಮುಂದಿನ ಮಳೆಗಾಲಕ್ಕೆ ಅರ್ಧ ಮಣ್ಣಾಗಿರುತ್ತದೆ. ಸೋಗೆ ಬುಡದ ಹಾಳೆ ಊಟದ ತಟ್ಟೆ ಮಾಡುವವರಿಗೆ ಹೋಗುತ್ತದೆ. ಯಂತ್ರ ಇಲ್ಲ, ಪೆಟ್ರೋಲ್ ಇಲ್ಲ.

ಕಳಸ_ಕಾಫಿ

@ಗುಡ್ಡೆತೋಟ ಮೂರು ತುಂಡು ಮಾಡಲು ಕತ್ತಿ ಹಿಡಿಯುವವರು ಯಾರು ಅನ್ನುವುದೇ ಅವರ ಪ್ರಶ್ನೆ ಅಲ್ವಾ ಭಟ್ರೇ.

ಬಾಳೆಬೈಲು

ಪುಡಿ ಮಾಡಿದರೆ ಎರೆಗೊಬ್ಬರ ಬೇಗ ಆಗುತ್ತದೆ. ಕಾಸರಗೋಡು ಮತ್ತು ವಿಟ್ಲದ ಸಿಪಿಸಿಆರ್‌ಐನವರು (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ತೆಂಗು, ಅಡಿಕೆಯ ಎಲೆಗೆ ಸಗಣಿ ಸೇರಿಸಿ ಎರೆಹುಳು ಬಿಟ್ಟು ಗೊಬ್ಬರ ಮಾಡುವ ಕ್ರಮ ತೋರಿಸಿದ್ದಾರೆ. ಚೂರು ಸಣ್ಣದಿದ್ದಷ್ಟು ಹುಳಕ್ಕೆ ಸುಲಭ.

ಆದರೆ ಒಂದು ಎಚ್ಚರ. ಎಲೆಚುಕ್ಕಿ ರೋಗ ಇರುವ ತೋಟದ ಸೋಗೆಯನ್ನು ಪುಡಿ ಮಾಡಿ ಹಾಗೇ ಬುಡಕ್ಕೆ ಹರಡಬೇಡಿ. ಅದು ಶಿಲೀಂಧ್ರದ ರೋಗ. ರೋಗ ಬಿದ್ದ ಎಲೆ ತೆಗೆದು ಸುಟ್ಟುಬಿಡಿ ಅಂತಲೇ ತಜ್ಞರು ಹೇಳುವುದು. ಹೊಸನಗರ, ತೀರ್ಥಹಳ್ಳಿ ಕಡೆ ಈ ರೋಗ ಜೋರಿದೆ. ಯಂತ್ರಕ್ಕೆ ದುಡ್ಡು ಹಾಕುವ ಮೊದಲು ನಿಮ್ಮ 14 ಸಾವಿರ ಸೋಗೆಯಲ್ಲಿ ಎಷ್ಟು ಒಳ್ಳೆಯದು, ಎಷ್ಟು ಸುಡುವಂಥದ್ದು ಅಂತ ನೋಡಿ.

ಒರೆಗಾನ್_ಕನ್ನಡಿಗ

ದೂರದಿಂದ ಓದುತ್ತಿದ್ದೇನೆ. ಇಲ್ಲಿ ಮರ ಕಡಿಯುವವರ ಹತ್ತಿರ ಇರುವುದು ಅಯೋವಾದ ವರ್ಮೀರ್, ಮಿಶಿಗನ್ನಿನ ಬ್ಯಾಂಡಿಟ್ ಥರದ ದೊಡ್ಡ ಯಂತ್ರ. ಹೈಡ್ರಾಲಿಕ್ ರೋಲರ್ ಕೊಂಬೆಯನ್ನು ತಾನೇ ಹಿಡಿದು ಒಳಗೆಳೆಯುತ್ತದೆ. ಮನೆಯವರು ಯಾರೂ ಕೊಳ್ಳುವುದಿಲ್ಲ, ದಿನದ ಬಾಡಿಗೆಗೆ ತರುತ್ತಾರೆ. ಚೀನಾದ ಸಣ್ಣ ಯಂತ್ರ ಇಲ್ಲೂ ಬೇಕಾದಷ್ಟು ಸಿಗುತ್ತದೆ. ಅದರ ಬಗ್ಗೆ ಇಲ್ಲಿಯವರ ಜಗಳವೂ ನಿಮ್ಮದೇ ಜಗಳ!

ಒಂದೇ ಒಂದು ಅನುಮಾನ. ಇವೆಲ್ಲ ಮೇಪಲ್, ಓಕ್, ಪೈನ್ ಕೊಂಬೆಗೆ ಅಂತ ಮಾಡಿದವು. ನಾರು ತುಂಬಿದ ಅಡಿಕೆ ಸೋಗೆಗೆ ಯಾರಾದರೂ ಪರೀಕ್ಷೆ ಮಾಡಿದ್ದಾರಾ?

ಯಂತ್ರಶಾಲೆ_ಶಿರಸಿ

@ಒರೆಗಾನ್_ಕನ್ನಡಿಗ ಸರಿಯಾದ ಜಾಗಕ್ಕೇ ಕೈ ಇಟ್ಟಿರಿ. ಸೋಗೆ ಮರ ಅಲ್ಲ. ಮರದ ಕೊಂಬೆ ಬ್ಲೇಡಿಗೆ ಸಿಕ್ಕಿದರೆ ಚಕ್ಕೆ ಆಗಿ ಹಾರುತ್ತದೆ. ಸೋಗೆ ಹಾಗಲ್ಲ. ಬ್ಲೇಡ್ ಸ್ವಲ್ಪ ಮೊಂಡಾದರೂ ಸಾಕು, ಕತ್ತರಿಸುವ ಬದಲು ಸಿಗಿಯುತ್ತದೆ. ಆ ನಾರು ಶಾಫ್ಟಿಗೆ ಸುತ್ತಿಕೊಂಡು ಬೇರಿಂಗ್ ಸೀಲಿನವರೆಗೂ ಹೋಗುತ್ತದೆ. ಬೇರಿಂಗ್ ಯಾಕೆ ಹೋಗುತ್ತದೆ ಅಂತ ಕೇಳುವವರಿಗೆ ನಾನು ಮೊದಲು ತೋರಿಸುವುದು ಆ ನಾರಿನ ಉಂಡೆ.

ಹಾಗಾಗಿ ಬ್ಲೇಡ್ ವಿಷಯ ನೋಡಿ. ಹೆಸರಿರುವ ಕಂಪನಿಗಳು ಡಿ2 ಥರದ ಟೂಲ್ ಸ್ಟೀಲ್ ಬಳಸುತ್ತವೆ. ಅಗ್ಗದ್ದರಲ್ಲಿ ಸಾಮಾನ್ಯವಾಗಿ 65ಎಂಎನ್ ಸ್ಪ್ರಿಂಗ್ ಸ್ಟೀಲ್. ಅದೂ ಕೆಲಸಕ್ಕೆ ಬಾರದ್ದಲ್ಲ, ಬೇಗ ಮೊಂಡಾಗುತ್ತದೆ ಅಷ್ಟೇ. ಬ್ಲೇಡಿಗೂ ಎದುರಿನ ಅಡ್ಡ ಪಟ್ಟಿಗೂ ಮಧ್ಯೆ ಇರುವ ಸಂದು ಮುಖ್ಯ. ಹ್ಯಾಕ್ಸಾ ಬ್ಲೇಡ್ ಒಂದು ತೂರಿಸಿ ನೋಡಿ. ಸ್ವಲ್ಪ ಬಿಗಿಯಾಗಿ ಹೋದರೆ ಸರಿ. ಮೂರು ನಾಲ್ಕು ಹ್ಯಾಕ್ಸಾ ಬ್ಲೇಡ್ ಒಟ್ಟಿಗೆ ಹೋದರೆ ಆ ಯಂತ್ರದಲ್ಲಿ ಸೋಗೆ ತುಂಡಾಗುವುದಿಲ್ಲ, ಹಗ್ಗ ಆಗುತ್ತದೆ. ಅಡ್ಡ ಪಟ್ಟಿ ಹಿಂದೆ ಮುಂದೆ ಸರಿಸಲು ಉದ್ದ ತೂತು ಕೊಟ್ಟಿದ್ದಾರಾ ನೋಡಿ. ಅಗ್ಗದ ಕೆಲವದರಲ್ಲಿ ಅದನ್ನು ವೆಲ್ಡ್ ಮಾಡಿಯೇ ಬಿಟ್ಟಿರುತ್ತಾರೆ. ಅಂಥದ್ದು ಬಿಟ್ಟಿ ಕೊಟ್ಟರೂ ಬೇಡ.

ಬ್ಲೇಡ್ ಬೋಲ್ಟಿನ ತಲೆ ಮೇಲೆ ಅದರ ಗಟ್ಟಿತನ ಹೇಳುವ ನಂಬರ್ ಇರುತ್ತದೆ. 10.9 ಅಥವಾ 12.9 ಇರಲಿ. ನಂಬರೇ ಇಲ್ಲದ ಬೋಲ್ಟ್ ಇದ್ದರೆ ಅದೇ ದಿನ ಬದಲಿಸಿ. ಬೋಲ್ಟ್ ಒಂದು ತುಂಡಾದರೆ ಆ ವೇಗದಲ್ಲಿ ತಿರುಗುವ ಬ್ಲೇಡ್ ಎಲ್ಲಿಗೆ ಹೋಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಲಾರಿಯ ಹಳೇ ಸ್ಪ್ರಿಂಗ್ ಪ್ಲೇಟ್ ತಟ್ಟಿ ಬ್ಲೇಡ್ ಮಾಡಿಸಿಕೊಳ್ಳುವವರಿದ್ದಾರೆ. ಮಾಡಿಸುವುದಾದರೆ ಜೋಡಿಯಾಗಿ ಮಾಡಿಸಿ, ತಕ್ಕಡಿಯಲ್ಲಿ ತೂಗಿ ಒಂದೇ ತೂಕಕ್ಕೆ ತನ್ನಿ. ಒಂದು ಬದಿ ಭಾರ ಆದರೆ ಡ್ರಮ್ ಕುಣಿಯುತ್ತದೆ.

ಬೆಳ್ಳಾರೆ_ಅಕ್ಕ

ಎಲ್ಲರೂ ಯಂತ್ರದ ಪ್ರಾಣದ ಬಗ್ಗೆ ಮಾತಾಡುತ್ತಿದ್ದೀರಿ. ಅದಕ್ಕೆ ಸೋಗೆ ಕೊಡುವವರ ಪ್ರಾಣದ ಬಗ್ಗೆಯೂ ಸ್ವಲ್ಪ ಹೇಳಿ.

ನಮ್ಮ ಮನೆಯಲ್ಲಿ ಯಂತ್ರ ಕೊಳ್ಳುವಾಗ ನಾನು ನೋಡಿದ್ದು ಸೋಗೆ ಹಾಕುವ ಬಾಯಿಯಿಂದ ಬ್ಲೇಡಿನವರೆಗಿನ ಉದ್ದ. ಕೈ ಪೂರ್ತಿ ಒಳಗೆ ಹಾಕಿದರೂ ಬೆರಳು ಬ್ಲೇಡಿಗೆ ಮುಟ್ಟಬಾರದು. ಅಂಗಡಿಯಲ್ಲಿ ಎಂಜಿನ್ ನಿಲ್ಲಿಸಿ, ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ತೆಗೆಸಿ, ಕೋಲು ಇಟ್ಟು ಅಳೆದೆ. ಅಂಗಡಿಯವರು ನಕ್ಕರು. ನಗಲಿ. ಒಂದು ಅಗ್ಗದ ಮಾಡೆಲ್‌ನಲ್ಲಿ ಬಾಯಿ ಎಷ್ಟು ಗಿಡ್ಡ ಇತ್ತೆಂದರೆ ನನ್ನ ಮೊಣಕೈವರೆಗೆ ಹೋದರೆ ಸಾಕಿತ್ತು. ಸಾಗಿಸಲು ಪೆಟ್ಟಿಗೆ ಸಣ್ಣದಾಗಲಿ ಅಂತ ಹಾಗೆ ಮಾಡುತ್ತಾರೋ ಏನೋ.

ಇನ್ನೊಂದು, ಮುಚ್ಚಳ ತೆರೆದರೆ ಎಂಜಿನ್ ತಾನೇ ಆಫ್ ಆಗುವ ಸ್ವಿಚ್. ಒಳ್ಳೆಯ ಯಂತ್ರದಲ್ಲಿ ಇರುತ್ತದೆ. ಆಫ್ ಆದ ಮೇಲೂ ಡ್ರಮ್ ಒಂದೆರಡು ನಿಮಿಷ ತಿರುಗುತ್ತಲೇ ಇರುತ್ತದೆ, ಶಬ್ದ ಇಲ್ಲದ ಕಾರಣ ನಿಂತಿತು ಅಂದುಕೊಳ್ಳುತ್ತಾರೆ. ಪಂಚೆ, ಹೆಗಲ ಮೇಲಿನ ಬೈರಾಸು, ಸೀರೆ ಸೆರಗು, ಸಡಿಲ ಗ್ಲೌಸ್, ಯಾವುದೂ ಬೇಡ. ಸೋಗೆಯ ತುದಿಗೆ ಬಟ್ಟೆ ಸಿಕ್ಕಿಕೊಂಡರೆ ಸೋಗೆ ಜೊತೆ ಮನುಷ್ಯನೂ ಒಳಗೆ. ಕಟ್ಟಿಕೊಂಡದ್ದನ್ನು ತೆಗೆಯಲು ಯಾವತ್ತೂ ಕೈ ಹಾಕಬಾರದು, ಮರದ ಕೋಲು ಇಟ್ಟುಕೊಳ್ಳಿ. ಕೆಲಸಕ್ಕೆ ಬರುವವರಿಗೆ ಇದನ್ನೆಲ್ಲ ಹೇಳದೆ ಯಂತ್ರ ಕೈಗೆ ಕೊಡಬೇಡಿ ಮಾರಾಯ್ರೆ. ಯಂತ್ರ ಅಗ್ಗದ್ದೋ ದುಬಾರಿಯದ್ದೋ ಅಂತ ಆಸ್ಪತ್ರೆಯಲ್ಲಿ ಕೇಳುವುದಿಲ್ಲ.

ಹೊಸನಗರ_ತೋಟ

ಅಕ್ಕ, ಇದು ನನ್ನ ತಲೆಗೇ ಬಂದಿರಲಿಲ್ಲ. ಎರಡೂ ಕಡೆ ಫೋನ್ ಮಾಡಿ ಕೇಳುತ್ತೇನೆ.

ಸಬ್ಸಿಡಿ ಬಗ್ಗೆ ಯಾರಿಗಾದರೂ ಗೊತ್ತಾ?

ಚನ್ನಗಿರಿ_67

ಕೇಂದ್ರದ ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಶೇ 40ರಿಂದ 50 ಇದೆ. ಸಣ್ಣ ರೈತರಿಗೆ, ಮಹಿಳೆಯರಿಗೆ, ಪರಿಶಿಷ್ಟರಿಗೆ ಜಾಸ್ತಿ ಭಾಗ. ಯಂತ್ರಕ್ಕೆ ಗರಿಷ್ಠ ಮೊತ್ತ ಅಂತಲೂ ಇರುತ್ತದೆ. ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ನಂಬರ್) ಇಟ್ಟುಕೊಂಡು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಆದರೆ ಪಟ್ಟಿಯಲ್ಲಿ ಇರುವ ಮಾಡೆಲ್‌ಗೆ ಮಾತ್ರ. ಪಟ್ಟಿಗೆ ಬರಬೇಕಾದರೆ ಸರ್ಕಾರಿ ಪರೀಕ್ಷಾ ಕೇಂದ್ರದ ರಿಪೋರ್ಟ್ ಬೇಕು. ಮಧ್ಯಪ್ರದೇಶದ ಬುದ್ನಿ, ಹರಿಯಾಣದ ಹಿಸ್ಸಾರ್, ಆಂಧ್ರದ ಅನಂತಪುರದಲ್ಲಿ ಅಂಥ ಕೇಂದ್ರಗಳಿವೆ. ನೀವು ಹೇಳಿದ ಇಂಪೋರ್ಟೆಡ್ ಯಂತ್ರಕ್ಕೆ ಆ ರಿಪೋರ್ಟ್ ಇದೆಯಾ ಕೇಳಿ. ಇಲ್ಲದಿದ್ದರೆ ಸಬ್ಸಿಡಿ ಇಲ್ಲ.

ಆ ರಿಪೋರ್ಟ್ ಸುಮ್ನೆ ಕಾಗದ ಅಲ್ಲ. ಅಳೆದು ಬರೆದ ಅಂಕಿ ಅದರಲ್ಲಿ ಇರುತ್ತದೆ. ಸಬ್ಸಿಡಿ ಬೇಡದವರೂ ಕೇಳಿ ತೆಗೆದುಕೊಂಡು ಓದಬೇಕು. ಇನ್ನೊಂದು ವಿಷಯ: ಸಬ್ಸಿಡಿ ಕಳೆದ ಬೆಲೆಯನ್ನು ಹೊರಗಿನ ಅಂಗಡಿ ಬೆಲೆ ಜೊತೆ ಹೋಲಿಸಿ ನೋಡಿ. ಕೆಲವೊಮ್ಮೆ ವ್ಯತ್ಯಾಸ ನೀವು ಅಂದುಕೊಂಡಷ್ಟು ಇರುವುದಿಲ್ಲ.

ಹೊಸನಗರ_ತೋಟ

ಫೋನ್ ಮಾಡಿದೆ. ಅಗ್ಗದ ಯಂತ್ರ ಮಾರುವವರಿಗೆ ನಾಲ್ಕು ಪ್ರಶ್ನೆ ಕೇಳಿದೆ. ಬ್ಲೇಡ್ ಜೋಡಿ ಬೇರೆ ಸಿಗುತ್ತದಾ? ಸಿಗುತ್ತದೆ, ಆದರೆ ಸ್ಟಾಕ್ ಬಂದಾಗ. ಬಂದಾಗ ಅಂದರೆ ಯಾವಾಗ? ಗೊತ್ತಿಲ್ಲ. ಟೆಸ್ಟ್ ರಿಪೋರ್ಟ್? ವಿಡಿಯೋ ಕಳಿಸುತ್ತೇವೆ ಅಂದರು. ವಾರಂಟಿ? ಎಂಜಿನ್‌ಗೆ ಮಾತ್ರ, ಅದೂ ಯಂತ್ರ ನಾವೇ ಲಾರಿಗೆ ಹಾಕಿ ಕಳಿಸಬೇಕು.

ಕಂಪನಿಯವರಿಗೂ ಅದೇ ಕೇಳಿದೆ. ಬ್ಲೇಡ್ ಶಿವಮೊಗ್ಗದ ಡೀಲರ್ ಹತ್ತಿರ ಇದೆ. ರಿಪೋರ್ಟ್ ಮೇಲ್ ಮಾಡಿದರು. ಆದರೆ ಬ್ಲೇಡ್ ಜೋಡಿಯ ಬೆಲೆ ಕೇಳಿ ಸುಮ್ಮನಾದೆ.

ಡೆಮೊ ಕೇಳಿದ್ದೇನೆ. ಡೀಲರ್ ಒಪ್ಪಿದ್ದಾರೆ.

ಯಂತ್ರಶಾಲೆ_ಶಿರಸಿ

ಡೆಮೊಗೆ ಹೋಗುವಾಗ ನಿಮ್ಮದೇ ಸೋಗೆ ಪಿಕಪ್‌ಗೆ ತುಂಬಿಕೊಂಡು ಹೋಗಿ. ಅವರು ತೋರಿಸುವುದು ಹಸಿ ಗ್ಲಿರಿಸಿಡಿಯಾ. ಅದನ್ನು ಯಾವ ಯಂತ್ರವೂ ತಿನ್ನುತ್ತದೆ. ನೀವು ಒಣ ಸೋಗೆ, ಅರೆ ಒಣಗಿದ್ದು, ಮಳೆಯಲ್ಲಿ ನೆನೆದದ್ದು, ಮೂರೂ ಕೊಡಿ. ಒಂದೆರಡು ಹಾಳೆಯನ್ನೂ ಹಾಕಿ. ಅರ್ಧ ಗಂಟೆ ಬಿಡದೆ ಓಡಿಸಿ. ಆಮೇಲೆ ನಿಲ್ಲಿಸಿ, ಡ್ರಮ್ ಪೂರ್ತಿ ನಿಂತ ಮೇಲೆ ಪ್ಲಗ್ ಕ್ಯಾಪ್ ತೆಗೆದು ಮುಚ್ಚಳ ಬಿಚ್ಚಿಸಿ. ಶಾಫ್ಟಿಗೆ ಎಷ್ಟು ನಾರು ಸುತ್ತಿದೆ ನೋಡಿ. ಬೇರಿಂಗ್ ಮನೆ ಮೇಲೆ ಕೈ ಇಟ್ಟು ನೋಡಿ. ಕೈ ಇಡಲು ಆಗದಷ್ಟು ಬಿಸಿ ಇದ್ದರೆ ವಾಪಸ್ ಬನ್ನಿ.

ಕಳಸ_ಕಾಫಿ

ಎಂಜಿನ್ ನಂಬರ್ ಕೂಡ ನೋಡಿಕೊಳ್ಳಿ. ಹೋಂಡಾ ಸ್ಟಿಕ್ಕರ್ ಇದ್ದದ್ದೆಲ್ಲ ಹೋಂಡಾ ಅಲ್ಲ. ಬ್ಲಾಕ್ ಮೇಲೆ ಕೊರೆದ ನಂಬರ್ ಬಿಲ್ಲಿನಲ್ಲಿ ಬರೆಸಿ. ಅಸಲಿ ಆಗಿದ್ದರೆ ಒಂದು ಲಾಭ ಇದೆ. ನಾಳೆ ಶ್ರೆಡ್ಡರ್ ಬೇಡವಾದರೂ ಎಂಜಿನ್ ಬಿಚ್ಚಿ ಔಷಧಿ ಹೊಡೆಯುವ ಪಂಪಿಗೆ ಕೂರಿಸಬಹುದು. ಹಳೇ ಹೋಂಡಾಗೆ ಯಾವಾಗಲೂ ಗಿರಾಕಿ ಇರುತ್ತಾರೆ.

ಹೊಸನಗರ_ತೋಟ

ಡೆಮೊ ನೋಡಿ ಬಂದೆ. ವಿಷಯ ನಾನು ಅಂದುಕೊಂಡ ಹಾಗಿಲ್ಲ.

ಹೋಂಡಾ ಎಂಜಿನ್ನಿನ ಯಂತ್ರ ಕೊಂಬೆಗೆ ಅದ್ಭುತ. ಬಾಯಿ ಉದ್ದ ಇದೆ, ಸ್ವಿಚ್ ಇದೆ, ಬೇರಿಂಗ್ ತಣ್ಣಗಿತ್ತು. ಆದರೆ ನೆನೆದ ಸೋಗೆ ಹಾಕಿದಾಗ ಹೊರಬರುವ ಕೊಳವೆ ಕಟ್ಟಿತು. ಹಾಳೆಯಂತೂ ಸುತ್ತಿಕೊಂಡೇ ಬಿಟ್ಟಿತು. ಒಣ ಸೋಗೆ ಪರವಾಗಿಲ್ಲ. ಡೀಲರ್ ಕೂಡ "ಇದು ಕೊಂಬೆ ಯಂತ್ರ ಸರ್" ಅಂತ ಒಪ್ಪಿಕೊಂಡರು.

ಅಲ್ಲೇ ಒಬ್ಬರು ಸಾಗರದ ವರ್ಕ್‌ಶಾಪಿನಲ್ಲಿ ಮಾಡಿಸಿದ ಯಂತ್ರದ ಬಗ್ಗೆ ಹೇಳಿದರು. ಚೀನಾ ಎಂಜಿನ್, ಒಳಗೆ ಬ್ಲೇಡ್ ಜೊತೆ ಬಡಿಯುವ ಸುತ್ತಿಗೆ ಸಾಲು, ಎಲೆಗೆ ಒಂದು ಬಾಯಿ, ಕೊಂಬೆಗೆ ಇನ್ನೊಂದು. ಅವರ ತೋಟಕ್ಕೆ ಹೋಗಿ ನೋಡಿದೆ. ನೆನೆದದ್ದನ್ನೂ ಉಗುಳಿತು. ಆದರೆ ಬಾಯಿ ಗಿಡ್ಡ, ಸ್ವಿಚ್ ಇಲ್ಲ.

ಬೆಳ್ಳಾರೆ_ಅಕ್ಕ

ಬಾಯಿ ಉದ್ದ ಮಾಡಿಸಲು ವರ್ಕ್‌ಶಾಪಿನವರಿಗೆ ಎರಡು ಅಡಿ ಶೀಟ್ ಸಾಕು. ಸ್ವಿಚ್ ಕೂಡ ದೊಡ್ಡ ಖರ್ಚಲ್ಲ. ಮಾಡಿಕೊಡುತ್ತಾರಾ ಕೇಳಿ. ಇಲ್ಲ ಅಂದರೆ ಬೇಡ.

ಯಂತ್ರಶಾಲೆ_ಶಿರಸಿ

ಸಾಗರದ ಯಂತ್ರದಲ್ಲಿ ಚೀನಾ ಎಂಜಿನ್ ಕೆಳಗೆ ಹೋಂಡಾ ಕೂರುವ ತೂತೇ ಇರುತ್ತದೆ. 188ಎಫ್ ಆದರೆ ಒಂದು ಇಂಚಿನ ಶಾಫ್ಟ್, ಜಿಎಕ್ಸ್390 ಕೂಡ ಅದೇ ಅಳತೆಯಲ್ಲಿ ಸಿಗುತ್ತದೆ. ಈಗ ಅಗ್ಗದ ಎಂಜಿನ್ ಹಾಕಿಸಿ. ಅದು ಹೋದ ದಿನ ಹೋಂಡಾ ತಂದು ಕೂರಿಸಿದರಾಯಿತು. ಬೆಲೆ ಒಟ್ಟಿಗೆ ಕೊಡುವ ತಾಪತ್ರಯ ಇಲ್ಲ.

ಮಳೆಗಾಲಕ್ಕೆ ನಿಲ್ಲಿಸುವ ಮೊದಲು ಟ್ಯಾಂಕ್ ಖಾಲಿ ಮಾಡಿ. ಪೆಟ್ರೋಲ್ ಕಾಕ್ ಮುಚ್ಚಿ, ಎಂಜಿನ್ ತಾನೇ ನಿಲ್ಲುವವರೆಗೆ ಓಡಿಸಿ. ಈಗ ಬಂಕಿನಲ್ಲಿ ಬರುವುದು ಶೇ 20 ಎಥನಾಲ್ ಇರುವ ಪೆಟ್ರೋಲ್. ಹೋಂಡಾ ಜಿಎಕ್ಸ್ ಪುಸ್ತಕದಲ್ಲೇ ಶೇ 10ರವರೆಗೆ ಅಂತ ಬರೆದಿದೆ. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ನಮ್ಮ ಮಳೆಯಲ್ಲಿ ನಾಲ್ಕು ತಿಂಗಳು ಕಾರ್ಬುರೇಟರ್‌ನಲ್ಲಿ ನಿಂತರೆ ಅಕ್ಟೋಬರ್‌ನಲ್ಲಿ ನನ್ನ ಅಂಗಡಿಗೇ ಬರುತ್ತೀರಿ.

ಹೊಸನಗರ_ತೋಟ

ಈ ಬೇಸಿಗೆಗೆ ಕೊಳ್ಳುವುದಿಲ್ಲ. ಸಾಗರದ ಯಂತ್ರವನ್ನೇ ಬಾಡಿಗೆಗೆ ಕೇಳಿದ್ದೇನೆ, ಪಕ್ಕದ ಮನೆ ಮಾವನೂ ಅರ್ಧ ಹಾಕುತ್ತಾರೆ. ವರ್ಕ್‌ಶಾಪಿನವರಿಗೆ ಉದ್ದ ಬಾಯಿ, ಸ್ವಿಚ್ ಹೇಳಿ ಕೊಟೇಶನ್ ಕೇಳಿದ್ದೇನೆ. @ತಿಪಟೂರು_ತೆಂಗು ಅದೇ ಡ್ರಮ್ಮಿಗೆ ಮೋಟಾರ್ ಕೂರಿಸಬಹುದಾ? ಎಷ್ಟು ಆರ್‌ಪಿಎಂ ಬೇಕು?

ತಿಪಟೂರು_ತೆಂಗು

ಕೂರಿಸಬಹುದು. ಎಂಜಿನ್ ನಿಮಿಷಕ್ಕೆ 3,600 ಸುತ್ತು ತಿರುಗುತ್ತದೆ, ನಮ್ಮ ಮೋಟಾರ್ 1,440. ಪುಲ್ಲಿ ಅಳತೆ ಬದಲಿಸಿ ಡ್ರಮ್ ವೇಗ ಮೊದಲಿನಷ್ಟೇ ಬರುವ ಹಾಗೆ ಮಾಡಿಸಬೇಕು. ಎಂಜಿನ್ ಪುಲ್ಲಿ 4 ಇಂಚು ಇದ್ದರೆ ಮೋಟಾರಿಗೆ 10 ಇಂಚು ಬರುತ್ತದೆ. ಡ್ರಮ್ಮಿನ ಪುಲ್ಲಿ ಮುಟ್ಟಬೇಡಿ. ಬೆಲ್ಟ್ ಮಾತ್ರ ಉದ್ದದ್ದು ಬೇಕಾಗುತ್ತದೆ.